ನಿನ್ನ ಪ್ಯಾಂಟಿನ ವಂಶಾವಳಿ

ಹೊಸ ಜೀನ್ಸ್ ನೋಡಿದೆ ಮಗಾ. ಚೆನ್ನಾಗಿದೆ. ಮಂಡಿ ಹತ್ರ ಹರಿದಿದೆ ಅಂತ ಬೈತೀನೇನೋ ಅಂತ ಗಾಬರಿಯಾಗಬೇಡ. ದೇವರಾಯಸಮುದ್ರದಲ್ಲಿ ಅರ್ಧ ಆಯುಸ್ಸು ಹೊಲಿಗೆ ಮಷೀನು ತುಳಿದವನು ನಾನು, ಬಟ್ಟೆ ವಿಷಯದಲ್ಲಿ ಬೆರಗಾಗೋದು ಬಿಟ್ಟು ಬಹಳ ಕಾಲವಾಯ್ತು. 24 ಇಂಚು ಬಾಟಮ್ಮಿನ ಬೆಲ್‌ಬಾಟಮ್ ಹೊಲಿದಿದ್ದೀನಿ. ಅದನ್ನ ಹಾಕ್ಕೊಂಡು ಬೀದಿ ಧೂಳೆಲ್ಲ ಗುಡಿಸಿದೋರು ಇವತ್ತು ಅರಳಿಕಟ್ಟೆ ಮೇಲೆ ಕೂತು ನಿನಗೆ ‘ಇದೇನೋ ವೇಷ’ ಅಂತಾರೆ. ನಿಮ್ಮಪ್ಪನಿಗೆ ನಾಲ್ಕು ನಾಲ್ಕು ಪ್ಲೀಟಿನ ಬ್ಯಾಗಿ ಪ್ಯಾಂಟು ಹೊಲಿದುಕೊಟ್ಟವನೂ ನಾನೇ. ಆ ಕಾಲದ ಫೋಟೊ ಕೇಳಿ ನೋಡು, ಬೀರು ಬೀಗದಕೈ ಕಳೆದೋಗಿದೆ ಅಂತಾನೆ.

ನಿನ್ನ ಬಗ್ಗೆ ಒಂದು ಮಾತು ನನ್ನ ಕಿವಿಗೆ ಬಿತ್ತು. ಅದನ್ನ ಆಮೇಲೆ ಎತ್ತೀನಿ. ಮೊದಲು ಕೂತ್ಕೊ, ಆ ಫೋನು ಜೇಬಿಗೆ ಹಾಕು. ನಿನ್ನ ಪ್ಯಾಂಟಿನ ಅಪ್ಪ-ತಾತ ಯಾರು ಅಂತ ಹೇಳ್ತೀನಿ.

ಅಮೆರಿಕದ ನೆವಾಡದಲ್ಲಿ ರೀನೊ ಅಂತ ಊರು. ಅಲ್ಲೊಬ್ಬ ನನ್ನಂಥ ಟೈಲರ್, ಹೆಸರು ಜೇಕಬ್ ಡೇವಿಸ್. ಮರ ಕಡಿಯೋನೊಬ್ಬನ ಹೆಂಡತಿ ಬಂದು, ಗಂಡನ ಪ್ಯಾಂಟು ನಿಲ್ಲೋದೇ ಇಲ್ಲ, ಗಟ್ಟಿಯಾಗಿ ಹೊಲಿದುಕೊಡು ಅಂದಳಂತೆ. ಇವನು ಜೇಬಿನ ಮೂಲೆ ಮೂಲೆಗೆ ತಾಮ್ರದ ರಿವೆಟ್ ಬಡಿದುಕೊಟ್ಟ. ಸುದ್ದಿ ಹಬ್ಬಿತು, ಗಿರಾಕಿ ನುಗ್ಗಿದರು. ಪೇಟೆಂಟ್ ಮಾಡಿಸೋಣ ಅಂದ್ರೆ ಕೈಯಲ್ಲಿ ಕಾಸಿಲ್ಲ. ತನಗೆ ಬಟ್ಟೆ ಕೊಡುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೊ ವ್ಯಾಪಾರಿ ಲೀವೈ ಸ್ಟ್ರಾಸ್‌ಗೆ ಕಾಗದ ಬರೆದ. 1873ರ ಮೇ 20ಕ್ಕೆ ಪೇಟೆಂಟ್ ಸಿಕ್ಕಿತು. ಇವತ್ತು ಆ ಟೈಲರ್ ಹೆಸರು ಯಾರಿಗೂ ಗೊತ್ತಿಲ್ಲ, ಬಟ್ಟೆ ಸಾಹುಕಾರನ ಹೆಸರು ಲೋಕದ ಸೊಂಟದ ಮೇಲೆ ಕೂತಿದೆ. ನಮ್ಮ ಕಸುಬಿನ ಹಣೆಬರಹವೇ ಅಷ್ಟು, ಬಿಡು.

ಆ ಪ್ಯಾಂಟು ಹಾಕ್ಕೊಂಡೋರು ಯಾರು? ಗಣಿಯವರು, ದನ ಮೇಯಿಸೋರು, ಮೈಮುರಿದು ದುಡಿಯೋರು. 1950ರ ದಶಕದಲ್ಲಿ ಅಲ್ಲಿನ ಹುಡುಗರಿಗೆ ಸೂಟು-ಟೈ ಅಪ್ಪಂದಿರ ಮೇಲೆ ಸಿಟ್ಟು ಬಂತು, ಹೋಗಿ ಕೂಲಿಯವರ ಪ್ಯಾಂಟು ಏರಿಸಿಕೊಂಡರು. 1955ರಲ್ಲಿ ಜೇಮ್ಸ್ ಡೀನ್ ಸಿನಿಮಾ ಬಂದಮೇಲಂತೂ ಕೇಳೋದೇ ಬೇಡ. ಜೀನ್ಸ್ ಹಾಕ್ಕೊಂಡು ಬಂದ್ರೆ ಒಳಗೆ ಸೇರಿಸದ ಶಾಲೆಗಳಿದ್ದವು. ಆಮೇಲೆ ಹಿಪ್ಪಿಗಳು ಬಂದರು. ಅವರು ಹರಿದರೂ ಬಿಸಾಡಲಿಲ್ಲ, ತೇಪೆ ಹಾಕ್ಕೊಂಡು ನಮ್ಮ ದೇಶದವರೆಗೂ ತಂದರು. ಈಗ ಕಾರ್ಖಾನೆಯವರೇ ಮಷೀನಿನಲ್ಲಿ ಹರಿದು, ಹರಿದ ಕೂಲಿಯನ್ನೂ ಸೇರಿಸಿ ರೇಟು ಹಾಕ್ತಾರೆ. ನೀನು ಕಂತಿನ ಮೇಲೆ ತರ್ತೀಯ. ಬಂಡಾಯವನ್ನ ಕಂತಿನ ಮೇಲೆ ತಂದೋನನ್ನ ನೋಡ್ತಿರೋದು ಇದೇ ಮೊದಲು ನಾನು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಹಳಬರು ಸುಮ್ಮನೆ ಹೇಳಲಿಲ್ಲ.

ಗಣಿ ಅಂದೆನಲ್ಲ, ಗಣಿ ನಮಗೇನು ದೂರದ್ದೇ? ಇಲ್ಲೇ ಪಕ್ಕದಲ್ಲಿ ಕೆಜಿಎಫ್. 2018ರಲ್ಲಿ ಆ ಹೆಸರಿನ ಸಿನಿಮಾ ಬಂತು ನೋಡು, ಮುಳಬಾಗಿಲು ತಾಲ್ಲೂಕಿನಲ್ಲಿ ಕ್ಷೌರದ ಅಂಗಡಿಯವರ ಹೊಟ್ಟೆ ಮೇಲೆ ಹೊಡೆದ ಹಾಗಾಯ್ತು. ಕಂಡ ಕಂಡ ಹುಡುಗರೆಲ್ಲ ಯಶ್ ಗಡ್ಡ. ಇನ್ನು 2021ಕ್ಕೆ ಗಡಿಯಾಚೆಯ ಚಿತ್ತೂರು ಸೀಮೆಯ ಕಥೆ ಇಟ್ಕೊಂಡು ‘ಪುಷ್ಪ’ ಬಂತು, ಒಂದು ಭುಜ ಮೇಲೆ ಒಂದು ಭುಜ ಕೆಳಗೆ. ಬೇಡ ಅನ್ನಲ್ಲ. ಮನೆಯಲ್ಲಿ ತೆಲುಗು, ಇಸ್ಕೂಲಲ್ಲಿ ಕನ್ನಡ, ಕೆಜಿಎಫ್‌ಗೆ ಇಳಿದರೆ ತಮಿಳು ಮಾತಾಡೋ ಸೀಮೆ ನಮ್ಮದು. ಮೂರು ಕಡೆಯಿಂದ ಗಾಳಿ ಬಂದ್ರೆ ಅಂಗಿನೂ ಮೂರು ಥರ ಹಾರುತ್ತೆ. ಆದ್ರೆ ಗಡ್ಡ ಬಿಟ್ಟ ಮೇಲೆ ಆ ಊರಿನ ಕಥೆನೂ ಸ್ವಲ್ಪ ತಿಳ್ಕೊ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅಲ್ಲಿಯವರೆಗೆ ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಜನ ಇಳೀತಿದ್ದರು. ಮೈಗೆ ಬಟ್ಟೆ ಬೇಡ ಅನ್ನಿಸೋ ಕಾವು ಅಲ್ಲಿ. ಆ ಕೂಲಿಕಾರರಲ್ಲಿ ಬಹಳ ಜನ ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತರು. ಊರಲ್ಲಿ ಇದ್ದಿದ್ದರೆ ಅವರ ಮೈಮೇಲೆ ಏನಿರಬೇಕು ಅಂತ ಬೇರೆಯವರು ತೀರ್ಮಾನ ಮಾಡ್ತಿದ್ದರು. ಗಣಿಯ ಸಂಬಳ ಕೈಗೆ ಬಂದಮೇಲೆ ತಾವೇ ತೀರ್ಮಾನ ಮಾಡಿದರು.

ಬೇರೆಯವರು ತೀರ್ಮಾನ ಮಾಡೋದು ಅಂದ್ರೆ ಏನು ಅಂತ ನಿನಗೆ ಗೊತ್ತಿಲ್ಲ, ಗೊತ್ತಾಗದೇ ಇರೋದು ನಿನ್ನ ಪುಣ್ಯ. 1930ರ ಡಿಸೆಂಬರಲ್ಲಿ ತಮಿಳುನಾಡಿನ ರಾಮನಾಡು ಸೀಮೆಯಲ್ಲಿ ಬಲಾಢ್ಯರು ಸೇರಿ ದಲಿತರ ಮೇಲೆ ಎಂಟು ಕಟ್ಟು ಹೇರಿದರು. ಗಂಡಸರು ಸೊಂಟದ ಮೇಲೆ, ಮಂಡಿಯ ಕೆಳಗೆ ಬಟ್ಟೆ ಹಾಕಬಾರದು. ಅಂಗಿ, ಕೋಟು, ಬನಿಯನ್ ಕೂಡದು. ಹೆಂಗಸರು ರವಿಕೆ ತೊಡಬಾರದು. ಚಪ್ಪಲಿ, ಕೊಡೆ ಬೇಡವೇ ಬೇಡ. ಮೀರಿದವರ ಗುಡಿಸಲಿಗೆ ಬೆಂಕಿ ಬಿತ್ತು. ನಮ್ಮ ಕಡೆ ಇಷ್ಟುದ್ದ ಪಟ್ಟಿ ಬರೆದಿಟ್ಟಿರಲಿಲ್ಲ, ಬರೆಯದೆಯೇ ನಡೀತಿತ್ತು. ದೊಡ್ಡೋರು ಎದುರು ಬಂದ್ರೆ ಹೆಗಲ ಮೇಲಿನ ಟವೆಲು ಕಂಕುಳಿಗೆ ಇಳೀಬೇಕು, ಮೊಳಕಾಲಿಗೆ ಎತ್ತಿ ಕಟ್ಟಿದ ಪಂಚೆ ಕೆಳಗೆ ಬೀಳಬೇಕು, ಕಾಲಿನ ಚಪ್ಪಲಿ ಕೈಗೆ ಬರಬೇಕು. ನಾನು ಕಣ್ಣಾರೆ ನೋಡಿದ್ದು.

ದಲಿತ ಸಂಘರ್ಷ ಸಮಿತಿ ಕೋಲಾರ ಜಿಲ್ಲೆಯಲ್ಲಿ ಜೋರಾಗಿದ್ದ ಕಾಲ. ಕಾಲೇಜು ಸೇರಿದ್ದ ಕೇರಿಯ ಹುಡುಗನೊಬ್ಬ ನನ್ನ ಹತ್ರ ಬಿಳಿ ಪ್ಯಾಂಟು, ತುಂಬು ತೋಳಿನ ಬಿಳಿ ಅಂಗಿ ಹೊಲಿಸಿದ. ಇಸ್ತ್ರಿ ಮಡಿಕೆ ಮುರೀದಂತೆ ಹಾಕ್ಕೊಂಡು, ಊರ ನಡುಬೀದಿಯಲ್ಲಿ ನಿಧಾನಕ್ಕೆ ನಡೆದು ಬಸ್ಸಿಗೆ ಹೋದ. ‘ಏನೋ, ದೊರೆ ಆಗಿಬಿಟ್ಯಾ’ ಅಂತ ಜಗಲಿಯಿಂದ ಒಬ್ಬರು ಕೂಗಿದರು. ಅವನು ತಿರುಗಿ ನೋಡಲಿಲ್ಲ. ಅವರಪ್ಪನಿಗೆ ಆ ಸುಗ್ಗಿಯಲ್ಲಿ ಕೆಲಸಕ್ಕೆ ಕರೆಯೋದು ನಿಂತುಹೋಯ್ತು. ಅಂಗಿಗೆ ನಾನು ತಗೊಂಡ ಕೂಲಿ ಬಿಡು, ಆ ಮನೆ ಕೊಟ್ಟ ಬೆಲೆ ಅದು. ನಾನು ಹೊಲಿದ ಬಟ್ಟೆಗಳಲ್ಲೆಲ್ಲ ಗತ್ತಿನದು ಯಾವುದು ಅಂತ ಯಾರಾದ್ರೂ ಕೇಳಿದರೆ ಆ ಬಿಳಿ ಅಂಗಿಯನ್ನೇ ಹೇಳ್ತೀನಿ. ಅದರಲ್ಲಿ ಫ್ಯಾಷನ್ ಏನೂ ಇರಲಿಲ್ಲ.

ನಮ್ಮ ಸರ್ಕಲ್ಲುಗಳಲ್ಲಿ ಅಂಬೇಡ್ಕರ್ ಯಾಕೆ ನೀಲಿ ಸೂಟು ಹಾಕ್ಕೊಂಡು ನಿಂತಿದ್ದಾರೆ, ಗಾಂಧಿ ಯಾಕೆ ಬರಿಮೈಯಲ್ಲಿ ನಿಂತಿದ್ದಾರೆ ಅಂತ ಎಂದಾದ್ರೂ ಯೋಚನೆ ಮಾಡಿದ್ದೀಯಾ? ಗಾಂಧಿ 1921ರ ಸೆಪ್ಟೆಂಬರಲ್ಲಿ ಮಧುರೆಯಲ್ಲಿ ಅಂಗಿ, ಟೋಪಿ ಬಿಟ್ಟು ತುಂಡು ಪಂಚೆಗೆ ಇಳಿದರು. ಅಂಬೇಡ್ಕರ್ 1927ರ ಡಿಸೆಂಬರಲ್ಲಿ ಮಹಾಡ್‌ನಲ್ಲಿ ಹೆಣ್ಣುಮಕ್ಕಳನ್ನ ಕೂರಿಸಿಕೊಂಡು, ಮೊಳಕಾಲಿನ ಸೀರೆ ಬಿಡಿ, ಮೇಲ್ಜಾತಿಯವರ ಹಾಗೆ ಉದ್ದಕ್ಕೆ ಉಡಿ, ಗುರುತಿಗೆ ಹಾಕ್ಕೊಳ್ಳೋ ಆ ಬೆಳ್ಳಿ ಹೊರೆ ತೆಗೀರಿ ಅಂದರು. ಉಡೋಕಿದ್ದವರು ಬಿಚ್ಚಿದರು, ಉಡೋಕೆ ಯಾರೂ ಬಿಡದೇ ಇದ್ದವರು ತೊಟ್ಟರು. ಎರಡೂ ಬಂಡಾಯವೇ. ಯಾರು, ಯಾರೆದುರಿಗೆ ತೊಡ್ತಾರೆ ಅನ್ನೋದರ ಮೇಲೆ ಬಟ್ಟೆಯ ತೂಕ. ನಿನ್ನ ಜೀನ್ಸ್ ನೋಡಿ ಇವತ್ತು ಯಾರು ನಿನ್ನ ಕೆಲಸ ಕಿತ್ಕೊಂಡರು ಹೇಳು?

ಎರವಲು ತಂದದ್ದು ಅಂತ ಮೂಗು ಮುರಿಯೋರಿಗೂ ನನ್ನ ಹತ್ರ ಮಾತಿದೆ. ಮುಳಬಾಗಿಲಿನಲ್ಲೇ ಹುಟ್ಟಿದ ಡಿವಿಜಿಯವರ ಫೋಟೊ ನೋಡು, ಅಥವಾ ಆಗ ನಮ್ಮ ಜಿಲ್ಲೆಗೇ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರದ್ದು. ತಲೆ ಮೇಲೆ ಮೈಸೂರು ಪೇಟ, ಮೈಮೇಲೆ ಬಿಳಿಯರು ತಂದ ಕೋಟು. ಅವರನ್ನ ಯಾರಾದ್ರೂ ನಮ್ಮವರಲ್ಲ ಅಂತಾರಾ? ನಿಮ್ಮಮ್ಮ ಉಡೋ ಸೀರೆ ಕಟ್ಟು ಕೂಡ ನಮ್ಮಜ್ಜಿ ಉಡ್ತಿದ್ದ ಕಚ್ಚೆಯಲ್ಲ. ರವಿಕೆ, ಒಳಲಂಗದ ಮೇಲೆ ಅಚ್ಚುಕಟ್ಟಾಗಿ ಸೀರೆ ಉಡೋದನ್ನ 1860ರ ದಶಕದಲ್ಲಿ ಬಂಗಾಳದ ಟಾಗೋರ್ ಮನೆ ಸೊಸೆ ಜ್ಞಾನದಾನಂದಿನಿ ದೇವಿ ಮುಂಬೈಯ ಪಾರ್ಸಿ ಹೆಂಗಸರನ್ನ ನೋಡಿ ಕಲಿತು ತಮ್ಮ ಕಡೆ ಹಬ್ಬಿಸಿದರು. ಚೂಡಿದಾರ್ ನಮ್ಮೂರಿಗೆ ಬಂದ ಹೊಸದರಲ್ಲಿ ‘ಸಾಬರ ಬಟ್ಟೆ’ ಅಂತ ಕುಟುಕಿದೋರಿದ್ದರು. ಅದು ಹೈಸ್ಕೂಲು ಯೂನಿಫಾರಂ ಆದಮೇಲೆ ಒಬ್ಬರೂ ಉಸಿರೆತ್ತಲಿಲ್ಲ. ಇನ್ನು ನೈಟಿ! ದೊರೆಸಾನಿಯರು ರಾತ್ರಿ ಮಲಗೋಕೆ ಹಾಕ್ಕೊಳ್ತಿದ್ದದ್ದು. ನಮ್ಮ ಹೆಂಗಸರು ಬೆಳಗ್ಗೆ ಹಾಲಿನ ಡೈರಿಗೆ, ಮಧ್ಯಾಹ್ನ ನ್ಯಾಯಬೆಲೆ ಅಂಗಡಿಗೆ, ಸಂಜೆ ಟೊಮ್ಯಾಟೊ ತೋಟಕ್ಕೆ ಅದನ್ನೇ ಹಾಕ್ಕೊಂಡು, ಮೇಲೊಂದು ಟವೆಲು ಹೊದ್ದು, ಎದುರು ಬಂದ ಜೀನ್ಸ್ ಹುಡುಗಿಗೆ ‘ಮರ್ಯಾದಸ್ಥರ ಮನೆ ಬಟ್ಟೇನೇನೇ ಅದು’ ಅಂತಾರೆ. ಹೀಗೆ ಅಂದಿದ್ದಕ್ಕೆ ನನಗೆ ಮನೆಯಲ್ಲಿ ಎರಡು ದಿನ ಸಾರು ಸಪ್ಪೆ. ಇರಲಿ.

ಹಾಗಂತ ತೊಟ್ಟಿದ್ದೆಲ್ಲ ಗುರುತಾಗಲ್ಲ. 1980ರಲ್ಲಿ ರೈತ ಸಂಘ ಹುಟ್ಟಿದ ಮೇಲೆ ಹಸಿರು ಶಾಲು ಹೆಗಲಿಗೆ ಬಂತು. ಆ ಶಾಲು ಕಂಡ್ರೆ ತಾಲ್ಲೂಕು ಕಚೇರಿಯವರು ಕುರ್ಚಿ ಬಿಟ್ಟು ಏಳ್ತಿದ್ದ ಕಾಲವಿತ್ತು. ಈಗ ಎಲೆಕ್ಷನ್ ಬಂದ್ರೆ ಸಾಕು, ಉಳುಮೆ ಯಾವ ದಿಕ್ಕಿಗೆ ಅಂತ ಗೊತ್ತಿಲ್ಲದೋರ ಹೆಗಲ ಮೇಲೂ ಅದೇ. ಇನ್ನೊಂದು ಕಡೆ ಗೌರಿಬಿದನೂರು ಹೊಸೂರಿನ ಎಚ್. ನರಸಿಂಹಯ್ಯ ಇದ್ದರು. ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಮಾಡಿ ಬಂದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರೂ ಖಾದಿ ಪಂಚೆ, ಜುಬ್ಬ, ಟೋಪಿ ಬಿಡಲಿಲ್ಲ, ನ್ಯಾಷನಲ್ ಕಾಲೇಜು ಹಾಸ್ಟೆಲ್ಲಿನ ಕೋಣೆಯನ್ನೂ ಬಿಡಲಿಲ್ಲ. ಬಟ್ಟೆಗೂ ಬದುಕಿಗೂ ಅಳತೆ ಒಂದೇ ಇತ್ತು. ಟೈಲರ್ ಆಗಿ ಹೇಳ್ತೀನಿ, ಅಂಥ ಮೈಗೆ ಆಲ್ಟ್ರೇಷನ್ನೇ ಬೇಕಾಗಲ್ಲ.

ನಿಮ್ಮ ಪೀಳಿಗೆಯ ಶಾಲು ಅಂದ್ರೆ ಐಡಿ ಕಾರ್ಡು. ನರಸಾಪುರದ ಫ್ಯಾಕ್ಟರಿಗಳಿಗೆ ಕಂಪನಿ ಬಸ್ ಹತ್ತೋ ಹುಡುಗರನ್ನ ದಿನಾ ನೋಡ್ತೀನಿ, ಹೆಮ್ಮೆ ಆಗುತ್ತೆ. ಆದ್ರೆ ಭಾನುವಾರ ಕುರುಡುಮಲೆ ಗಣಪತಿ ಗುಡಿಗೆ ಹೋದರೂ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೂ ಆ ದಾರ ಕೊರಳಲ್ಲೇ ಇರಬೇಕಾ? ಮೊನ್ನೆ ನಿನ್ನ ಕಾರ್ಡು ಸಾಂಬಾರಿನಲ್ಲಿ ಅದ್ದಿತ್ತು. ಅನ್ನ ಬಡಿಸೋನಿಗೆ ನಿನ್ನ ಎಂಪ್ಲಾಯಿ ನಂಬರ್ ಯಾಕಪ್ಪ?

ಬಂಡಾಯ ಮಾಡೋ ಹಾಗಿದ್ರೆ ಇವತ್ತು ಬೆಂಗಳೂರಿಗೆ ಪಂಚೆ ಉಟ್ಕೊಂಡು ಹೋಗು. ತಮಾಷೆಯಲ್ಲ. 2024ರ ಜುಲೈನಲ್ಲಿ ಮಗನ ಜತೆ ಸಿನಿಮಾಕ್ಕೆ ಬಂದ ಹಾವೇರಿ ಕಡೆಯ ವಯಸ್ಸಾದ ರೈತರೊಬ್ಬರನ್ನ, ಪಂಚೆ ಉಟ್ಟಿದ್ದಾರೆ ಅಂತ ಅಲ್ಲಿನ ಮಾಲ್ ಒಂದು ಒಳಗೆ ಬಿಡಲಿಲ್ಲ. ಸುದ್ದಿಯಾಗಿ ಗಲಾಟೆಯೆದ್ದು ಮಾಲ್ ಬಾಗಿಲು ಮುಚ್ಚಬೇಕಾಯ್ತು. ಪಕ್ಕದ ತಮಿಳುನಾಡಿನಲ್ಲಿ ಹತ್ತು ವರ್ಷ ಮುಂಚೆಯೇ, 2014ರಲ್ಲಿ, ವೇಷ್ಟಿ ಉಟ್ಟ ಹೈಕೋರ್ಟ್ ಜಡ್ಜನ್ನೇ ಚೆನ್ನೈನ ಕ್ಲಬ್ಬೊಂದು ಬಾಗಿಲಲ್ಲಿ ತಡೆದಿತ್ತು. ಆ ವರ್ಷವೇ ಅಲ್ಲಿ ಕಾನೂನು ಬಂತು: ವೇಷ್ಟಿ ಉಟ್ಟವರನ್ನ ತಡೆದರೆ ಒಂದು ವರ್ಷ ಜೈಲು, 25,000 ರೂಪಾಯಿ ದಂಡ. ರಾಜ್‌ಕುಮಾರ್ ಅಂಥವರು ಬಿಳಿ ಪಂಚೆ, ಬಿಳಿ ಅಂಗಿಯಲ್ಲೇ ಸಭೆ ಸಮಾರಂಭಕ್ಕೆಲ್ಲ ಹೋಗಿಬಂದ ನಾಡಿದು. ಅಲ್ಲಿ ನಿನ್ನ ಹರಿದ ಜೀನ್ಸಿಗೆ ಸೆಕ್ಯುರಿಟಿಯವನು ಸಲಾಂ ಹೊಡೀತಾನೆ, ನಿಮ್ಮ ತಾತನ ಮಡಿ ಪಂಚೆಯನ್ನ ತಡೀತಾನೆ. ಈಗ ಹೇಳು, ವ್ಯವಸ್ಥೆಗೆ ಎದುರು ನಿಂತಿರೋ ಬಟ್ಟೆ ಯಾವುದು?

ಇನ್ನು, ಕಿವಿಗೆ ಬಿದ್ದ ಮಾತು. ನಿನ್ನ ತಂಗಿ ಕೋಲಾರದ ಕಾಲೇಜಿಗೆ ಹಾಕ್ಕೊಂಡು ಹೋಗೋಕೆ ಜೀನ್ಸ್ ಕೇಳಿದಳಂತೆ. ನಿಮ್ಮಪ್ಪ ಯೋಚನೆ ಮಾಡ್ತಿದ್ದಾಗ ನೀನು ನಡುವೆ ಬಾಯಿ ಹಾಕಿ, ‘ಊರಲ್ಲಿ ನಾಲ್ಕು ಜನ ಏನಂತಾರೆ’ ಅಂದೆಯಂತೆ. ನೀನು! ಮಂಡಿ ಹರಿದುಕೊಂಡು ಯಾರಿಗೂ ಕೇರ್ ಮಾಡಲ್ಲ ಅಂತ ಬೈಕ್ ಮೇಲೆ ಬರೆಸಿಕೊಂಡಿರೋನು! ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಪ್ಯಾಂಟಿಗೆ ಯಾರೂ ತಿರುಗಿ ನೋಡಲ್ಲ ಕಣೋ. ಅವಳು ಹಾಕ್ಕೊಂಡು ನಿಂತರೆ ನಾಲ್ಕಲ್ಲ, ನಲವತ್ತು ಕಣ್ಣು ತಿರುಗ್ತವೆ, ನಾಲ್ಕು ಬಾಯಿ ಆಡ್ತವೆ. ಅದು ಗೊತ್ತಿದ್ದೂ ಕೇಳಿದ್ದಾಳೆ. ಈ ಮನೆಯಲ್ಲಿ ಬಂಡಾಯ ಅಂತ ಏನಾದರೂ ಇದ್ರೆ ಅದು ಅವಳ ಹತ್ರ ಇದೆ, ನಿನ್ನ ಹತ್ರ ಇರೋದು ಬಿಲ್ಲು.

ನೀನು ಕೆಟ್ಟ ಹುಡುಗನಲ್ಲ ಅಂತ ನನಗೆ ಗೊತ್ತು. ಬಾಯಿ ಮುಂದು, ಬುದ್ಧಿ ಒಂದು ಹೆಜ್ಜೆ ಹಿಂದು, ಅಷ್ಟೇ. ಈ ಭಾನುವಾರ ಅವಳನ್ನ ಬೈಕಿನಲ್ಲಿ ಕೂರಿಸಿಕೊಂಡು ಮುಳಬಾಗಿಲಿಗೆ ಹೋಗು, ಅವಳಿಗೆ ಇಷ್ಟವಾದದ್ದನ್ನ ಅವಳೇ ಆರಿಸಲಿ. ಉದ್ದ ಹೆಚ್ಚಾದ್ರೆ ನನ್ನ ಹತ್ರ ಕಳಿಸು, ಬಾಟಮ್ ಮಡಿಚಿ ಹೊಲಿದುಕೊಡ್ತೀನಿ. ಕೂಲಿ ನಿನ್ನ ಲೆಕ್ಕಕ್ಕೆ.