ಕೆಂದಳಿಲಿನ ನೆಗೆತ

ರಾಯಬಾಗ ತಾಲ್ಲೂಕಿನ ಅಲಖನೂರದಂಥ ಬಯಲುಸೀಮೆಯ ಊರುಗಳಲ್ಲಿ ಅಳಿಲೆಂದರೆ ಬೆನ್ನ ಮೇಲೆ ಗೆರೆಗಳುಳ್ಳ ಪುಟ್ಟ ಪ್ರಾಣಿ. ಅದೇ ಬೆಳಗಾವಿ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಖಾನಾಪುರ ತಾಲ್ಲೂಕಿನ ಭೀಮಗಡದ ಮಲೆಗಳಲ್ಲಿ, ಅದರ ಹಿರಿಯ ಬಂಧುವಾದ ಕೆಂದಳಿಲು ವಾಸಿಸುವುದು. ಮರಾಠಿಯಲ್ಲಿ ಇದು ಶೇಕರು. ಪ್ರಾಣಿಶಾಸ್ತ್ರದಲ್ಲಿ ರತೂಫ ಇಂಡಿಕ. ಭಾರತದ ಹೊರಗೆ ಇದರ ಸಹಜ ನೆಲೆಯಿಲ್ಲ.

ಇದರ ತೂಕ ಸುಮಾರು 1.5ರಿಂದ 2 ಕಿಲೋಗ್ರಾಂ. ಬೆನ್ನು ಕೆಂಗಂದು, ಹೊಟ್ಟೆ ಕೆನೆಬಣ್ಣ. ಬಾಲವು ಮೈಗಿಂತಲೂ ಉದ್ದ. ಹಿಂಗಾಲುಗಳಿಂದ ಕೊಂಬೆಯನ್ನು ಹಿಡಿದು ಮುಂದಕ್ಕೆ ಬಾಗಿ ಹಣ್ಣನ್ನೋ ಬೀಜವನ್ನೋ ತಿನ್ನುವಾಗ, ಆಚೆ ಬದಿಗೆ ಇಳಿಬಿದ್ದ ಬಾಲವು ತಕ್ಕಡಿಯ ಎದುರುತೂಕದಂತೆ ಮೈಯನ್ನು ಸಮತೋಲದಲ್ಲಿಡುತ್ತದೆ. ಭಾರವಾದ ಶತ್ರುಗಳು ತಲುಪಲಾರದ ತೆಳುರೆಂಬೆಗಳಲ್ಲಿ ಕಡ್ಡಿ, ಎಲೆಗಳಿಂದ ದುಂಡನೆಯ ಗೂಡುಗಳನ್ನು ಕಟ್ಟುವುದು; ಒಂದೇ ಅಳಿಲಿಗೆ ಇಂಥ ಗೂಡುಗಳು ಹಲವು. ಹದ್ದು ಮೇಲೆ ಸುಳಿದರೆ ಓಡದೆ, ತೊಗಟೆಗೆ ಅಂಟಿಕೊಂಡಂತೆ ನಿಶ್ಚಲವಾಗುವುದು.

ಕೆಂದಳಿಲು ನೆಲಕ್ಕಿಳಿಯುವುದು ಅಪರೂಪ. ಮರದಿಂದ ಮರಕ್ಕೆ ಸುಮಾರು 6 ಮೀಟರು ದೂರ ನೆಗೆಯಬಲ್ಲದು. ಹಾರುವ ಅಳಿಲಿಗಿರುವ ಚರ್ಮದ ಪೊರೆ ಇದಕ್ಕಿಲ್ಲ. ಆದುದರಿಂದ ಎಸೆದ ಕಲ್ಲಿನ ಗತಿನಿಯಮವೇ ಇದಕ್ಕೂ ಅನ್ವಯಿಸುತ್ತದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕೋಣ. ಸಮಎತ್ತರದ ಎರಡು ಕೊಂಬೆಗಳ ನಡುವೆ 6 ಮೀಟರು ದಾಟಲು ಸೆಕೆಂಡಿಗೆ ಕನಿಷ್ಠ 7.7 ಮೀಟರಿನ ವೇಗ ಬೇಕು. ಎದುರಿನ ಕೊಂಬೆ 3 ಮೀಟರು ತಗ್ಗಿನಲ್ಲಿದ್ದರೆ 6 ಮೀಟರಿನ ವೇಗವೇ ಸಾಕು. ಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ, ಎರಡನೆಯ ನೆಗೆತಕ್ಕೆ ಬೇಕಾಗುವ ಶಕ್ತಿ ಮೊದಲಿನದರ ಐದರಲ್ಲಿ ಮೂರು ಪಾಲು ಮಾತ್ರ. ಎತ್ತರದ ಮರಗಳು ಈ ಪ್ರಾಣಿಗೆ ಏಕೆ ಬೇಕೆಂಬುದು ಇದರಿಂದ ಸ್ಪಷ್ಟ.

ಇದೇ ಲೆಕ್ಕ ಇನ್ನೊಂದು ಸಂಗತಿಯನ್ನೂ ತಿಳಿಸುತ್ತದೆ. ಕಾಡಿನ ನಡುವೆ 12 ಮೀಟರು ಅಗಲದ ರಸ್ತೆಯನ್ನು ಕಡಿದೆವೆನ್ನಿ. ಸಮಎತ್ತರದಲ್ಲಿ ಇಮ್ಮಡಿ ದೂರಕ್ಕೆ ಇಮ್ಮಡಿ ಶಕ್ತಿ ಬೇಕು. ಸ್ನಾಯುಗಳಿಗೆ ಅದು ಅಸಾಧ್ಯ. ನಮಗೆ ಹತ್ತು ಹದಿನೈದು ಹೆಜ್ಜೆಯ ದಾರಿಯಾದುದು ಕೆಂದಳಿಲಿಗೆ ಗಡಿಯಾಗುತ್ತದೆ. ನೆಲಕ್ಕಿಳಿದು ದಾಟಿದರೆ ಪ್ರಾಣಭಯ. ದಾಟದಿದ್ದರೆ ಆಚೆಯ ಆಹಾರವೂ ಸಂಗಾತಿಯೂ ದೂರ.

ಭೀಮಗಡವು 2011ರಲ್ಲಿ ವನ್ಯಜೀವಿಧಾಮವಾಯಿತು. ನೆರೆಯ ಮಹಾರಾಷ್ಟ್ರದಲ್ಲಿ ಶೇಕರು ರಾಜ್ಯಪ್ರಾಣಿ. ಆದರೆ ಈ ಜೀವಿಯ ಕಾಡನ್ನು ಎಕರೆಗಳಲ್ಲಿ ಅಳೆದರೆ ಸಾಲದು. ರೆಂಬೆಗೂ ರೆಂಬೆಗೂ ನಡುವಣ ಅಂತರವನ್ನೂ ಅಳೆಯಬೇಕು. ರಸ್ತೆಯ ಮೇಲೆ ಕೈಕೂಡಿಸಿ ನಿಂತ ಎರಡು ಮರಗಳನ್ನು ಉಳಿಸಿದರೆ, ಅಲ್ಲಿ ಒಂದು ಸೇತುವೆಯನ್ನೇ ಉಳಿಸಿದಂತೆ.