ಗಿಡಗಳ ಆಹಾರ : ಎಲೆಯಲ್ಲಿ ಸಕ್ಕರೆಯಾಗುವ ಬಗೆ

ಜೀವಿಗಳ ಆಹಾರವನ್ನು ನೋಕರ್ಮ, ಕರ್ಮ, ಕವಲ, ಲೇಪ, ಓಜ, ಮಾನಸ ಎಂದು ಶಾಸ್ತ್ರಗಳು ಆರು ಬಗೆಯಾಗಿ ಹೇಳುತ್ತವೆ. ಮನುಷ್ಯರಿಗೆ ಕವಲಾಹಾರ; ಗಿಡಮರಗಳಿಗೆ ಲೇಪಾಹಾರ. ತುತ್ತೆತ್ತಿ ಉಣ್ಣುವ ಬಾಯಿ ಅವಕ್ಕಿಲ್ಲ. ಮೈಗೆ ಸೋಂಕಿದುದನ್ನೇ ಹೀರಿ ಬಾಳುತ್ತವೆ. ಹಾಗೆ ಹೀರಿದ ಗಾಳಿ ನೀರುಗಳು ಸಿಹಿಯಾಗುವ ಬಗೆಯನ್ನು ವ್ರತನಿಷ್ಠರ ಮನೆಗಳಲ್ಲಿ ತಿಳಿದಿರುವುದು ಉಚಿತ. ಪಾರಣೆಯ ದಿನ ಬಡಿಸುವ ಅನ್ನ, ಬೆಲ್ಲ, ಎಣ್ಣೆ ಇವೆಲ್ಲಕ್ಕೂ ಮೂಲ ಹಸುರೆಲೆಯೇ.

ಬೇರು ನೆಲದಿಂದ ನೀರನ್ನು ಏರಿಸುತ್ತದೆ. ಎಲೆಯ ಮೈಯಲ್ಲಿರುವ ಅತಿ ಸೂಕ್ಷ್ಮವಾದ ಪತ್ರರಂಧ್ರಗಳ ಮೂಲಕ ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡ್ ಒಳಹೊಗುತ್ತದೆ. ಎಲೆಗೆ ಹಸುರು ಬಣ್ಣ ಕೊಡುವ ಪತ್ರಹರಿತ್ತು ಬಿಸಿಲಿನ ಶಕ್ತಿಯನ್ನು ಹಿಡಿಯುತ್ತದೆ. ಆ ಶಕ್ತಿಯಿಂದ ಮೊದಲು ನೀರು ಒಡೆಯುತ್ತದೆ. ಬೇರ್ಪಟ್ಟ ಆಮ್ಲಜನಕ ಹೊರಬೀಳುತ್ತದೆ. ಜಲಜನಕದ ಅಂಶ ಇಂಗಾಲದೊಡನೆ ಕೂಡಿ ಸಕ್ಕರೆಯಾಗುತ್ತದೆ. ಒಟ್ಟು ಲೆಕ್ಕದಲ್ಲಿ 6 ಅಣು ಇಂಗಾಲದ ಡೈಆಕ್ಸೈಡ್, 6 ಅಣು ನೀರು ಸೇರಿ 1 ಅಣು ಗ್ಲೂಕೋಸ್, 6 ಅಣು ಆಮ್ಲಜನಕ. ಇದಕ್ಕೆ ದ್ಯುತಿಸಂಶ್ಲೇಷಣೆಯೆಂದು ಹೆಸರು. ಬಿಸಿಲಿನಲ್ಲಿ ಹಸುರು ಭಾಗಗಳಿಂದ ಮಾತ್ರವೇ ಈ ಕಾರ್ಯ ನಡೆಯುವುದೆಂದು 1779ರಲ್ಲಿ ತೋರಿಸಿದವನು ಇಂಗೆನ್‌ಹೌಸ್. ಇಂಗಾಲ ಸಕ್ಕರೆಯಾಗುವ ಒಳದಾರಿಯನ್ನು ಬಿಡಿಸಿದ ಕ್ಯಾಲ್ವಿನ್ನನಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಪುಸ್ತಕದಲ್ಲಿ ಇದು ಸುಲಭ. ಚಳ್ಳಕೆರೆ, ಮೊಳಕಾಲ್ಮೂರುಗಳ ಹೊಲದಲ್ಲಿ ಅಷ್ಟು ಸುಲಭವಲ್ಲ. ಇದು ಮಳೆನೆರಳಿನ ನಾಡು. ಗಾಳಿ ಒಳಬರುವ ರಂಧ್ರದಿಂದಲೇ ಎಲೆಯೊಳಗಿನ ನೀರು ಆವಿಯಾಗಿ ಹೊರಹೋಗುತ್ತದೆ. ಒಂದು ಅಣು ಇಂಗಾಲದ ಡೈಆಕ್ಸೈಡನ್ನು ಗಳಿಸಲು ಶೇಂಗಾದಂಥ ಗಿಡ ನೂರಾರು ಅಣು ನೀರನ್ನು ಕಳೆದುಕೊಳ್ಳಬೇಕು. ರಂಧ್ರ ತೆರೆದರೆ ಬಾಯಾರಿಕೆ, ಮುಚ್ಚಿದರೆ ಹಸಿವು. ಮಳೆ ಕೈಕೊಟ್ಟಾಗ ನಡುಹಗಲಿನಲ್ಲಿ ಶೇಂಗಾದ ಎಲೆಗಳು ಮಡಚಿಕೊಳ್ಳುವುದನ್ನು ಆ ಸೀಮೆಯ ಒಕ್ಕಲಿಗರೆಲ್ಲ ಬಲ್ಲರು. ಬಿಸಿಲಿಗೆ ಮೈಯೊಡ್ಡದೆ ನೀರುಳಿಸುವ ಉಪಾಯವದು.

ಶೇಂಗಾ ಮಣ್ಣಿನೊಳಗೆ ಬೆಳೆಯುವುದರಿಂದ ಅದನ್ನು ಗೆಡ್ಡೆಯೆಂದು ಭಾವಿಸುವವರುಂಟು. ಸಸ್ಯಶಾಸ್ತ್ರದ ಪ್ರಕಾರ ಅದು ಗೆಡ್ಡೆಯೂ ಅಲ್ಲ, ಬೇರೂ ಅಲ್ಲ, ಕಾಯಿ. ಹೂವು ಅರಳುವುದು ನೆಲದ ಮೇಲೆಯೇ. ಬಳಿಕ ಹೂವಿನ ಬುಡದಿಂದ ಎಳೆಯೊಂದು ಕೆಳಗಿಳಿದು ಮಣ್ಣನ್ನು ಹೊಕ್ಕು ತುದಿಯಲ್ಲಿ ಕಾಯಿಕಟ್ಟುತ್ತದೆ. ಎಲೆಯಲ್ಲಾದ ಸಕ್ಕರೆ ಕಾಂಡದ ಮೂಲಕ ಅಲ್ಲಿಗಿಳಿದು ಎಣ್ಣೆಯಾಗಿ ಮಾರ್ಪಡುತ್ತದೆ. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಚಳ್ಳಕೆರೆಯ ಎಣ್ಣೆ ಗಿರಣಿಗಳು ಹಿಂಡಿದ್ದು ಹೀಗೆ ಕೂಡಿಟ್ಟ ಬಿಸಿಲನ್ನು. ಎಳೆ ಇಳಿಯುವ ಹೊತ್ತಿಗೆ ನೆಲ ಒಣಗಿ ಗಟ್ಟಿಯಾದರೆ ಅದು ಒಳಹೊಗಲಾರದು. ಆಮೇಲೆ ಬರ ಬಿದ್ದರೆ ಎಲೆಯಿಂದ ಸಕ್ಕರೆ ಬಾರದೆ ಕಾಯಿ ಜೊಳ್ಳಾಗುತ್ತದೆ. ಬಿತ್ತನೆಯ ಬೀಜಕ್ಕೆ ಮಾಡಿದ ಸಾಲ ಮಾತ್ರ ಉಳಿಯುತ್ತದೆ.

ನವಣೆ, ಸಜ್ಜೆ, ಜೋಳ, ರಾಗಿಗಳು ಈ ವಿಷಯದಲ್ಲಿ ಜಾಣ ಬೆಳೆಗಳು. ಅವು ಇಂಗಾಲದ ಡೈಆಕ್ಸೈಡನ್ನು ಮೊದಲೊಂದು ಆಮ್ಲವಾಗಿ ಹಿಡಿದು ಒಳಗೋಶಗಳಿಗೆ ಒತ್ತಾಗಿ ತುಂಬುತ್ತವೆ. ಆದ್ದರಿಂದ ಅಷ್ಟೇ ಆಹಾರಕ್ಕೆ ಕಡಿಮೆ ನೀರು ಸಾಕು. ಹಿರಿಯರು ಅವನ್ನು ಆ ನೆಲಕ್ಕೆ ಆರಿಸಿಕೊಂಡದ್ದು ಸುಮ್ಮನಲ್ಲ.

ಬದುವಿನ ಮೇಲಿನ ಕತ್ತಾಳೆ, ಪಾಪಾಸುಕಳ್ಳಿಗಳದು ಇನ್ನೂ ಬಿಗಿಯಾದ ನೇಮ. ಹಗಲೆಲ್ಲ ರಂಧ್ರಗಳನ್ನು ಮುಚ್ಚಿಕೊಂಡು ತಂಪಾದ ಇರುಳಿನಲ್ಲಿ ತೆರೆಯುತ್ತವೆ. ಒಳಬಂದ ಇಂಗಾಲವನ್ನು ಹುಳಿಯಾಗಿ ಶೇಖರಿಸುತ್ತವೆ. ಆದುದರಿಂದಲೇ ಇವುಗಳ ರಸ ಸಂಜೆಗಿಂತ ಮುಂಜಾನೆ ಹೆಚ್ಚು ಹುಳಿ. ಹಾಗಾದರೆ ಕಳ್ಳಿ ರಾತ್ರಿಭೋಜನ ಮಾಡುವುದೇ ಎಂದು ಮಕ್ಕಳು ಕೇಳಬಹುದು. ಇಲ್ಲ, ಇರುಳಿನಲ್ಲಿ ಅದು ಸಾಮಗ್ರಿಯನ್ನಷ್ಟೇ ಕೂಡಿಡುತ್ತದೆ. ಸಕ್ಕರೆಯ ಅಡಿಗೆ ಆರಂಭವಾಗುವುದು ಸೂರ್ಯೋದಯದ ಬಳಿಕವೇ.