ದೊಡ್ಡ ಟೈರ್ ಹಾಕಿಸುವ ಮುನ್ನ: ಎತ್ತರ, ಗೇರು, ಬ್ರೇಕಿನ ಲೆಕ್ಕ



ಮಳೆಗಾಲ ಶುರುವಾಯ್ತು ಅಂದ್ರೆ ನಮ್ಮ ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ಎರೆ ಹೊಲದ ದಾರಿ ಹೆಂಗಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಆಳದ ಜಾಡು, ನಡುವೆ ದಿಣ್ಣೆ. ಆ ದಿಣ್ಣೆಗೆ ನಮ್ಮ ಜೀಪಿನ ಹೊಟ್ಟೆ ತಾಗಿ ಗಾಡಿ ಕೂತ್ಕೊಳ್ಳುತ್ತೆ. ಆಗ ಎಲ್ಲರ ತಲೆಗೂ ಬರೋದು ಒಂದೇ ಯೋಚನೆ: ದೊಡ್ಡ ಟೈರ್ ಹಾಕಿಸಿದ್ರೆ?

ನಾಲ್ಕು ವರ್ಷದ ಹಿಂದೆ ನನ್ನ ತಲೆಗೂ ಅದೇ ಬಂತು. ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ, ಹಿಂದಿನ ಚಕ್ರ ಮಾತ್ರ ಎಳೆಯೋದು. ಕಂಪನಿ ಕೊಟ್ಟ ಟೈರ್ 215/75 ಆರ್ 15. ಫೋನಲ್ಲಿ ನಾಲ್ಕು ವಿಡಿಯೊ ನೋಡಿ, 31 ಇಂಚಿನ ಅಗಲ ಟೈರು, ಅದಕ್ಕೆ ತಕ್ಕ ರಿಮ್ಮು ಹಾಕಿಸಿಬಿಟ್ಟೆ. ಗಾಡಿ ನೋಡೋಕೆ ಆನೆ ಹಂಗಿತ್ತು. ಊರ ಹುಡುಗರೆಲ್ಲ ಸೆಲ್ಫಿ ತಗೊಂಡರು.

ಮೂರೇ ತಿಂಗಳಲ್ಲಿ ಎರಡು ಪಾಠ ಆಯ್ತು. ಮೊದಲನೆಯದು: ಆರು ಚೀಲ ಗೊಬ್ಬರ ಹೇರಿಕೊಂಡು ಹಳ್ಳದ ದಡ ಹತ್ತಿಸುವಾಗ ಗಾಡಿ ಎಳೀಲಿಲ್ಲ. ಅರ್ಧ ಕ್ಲಚ್ ಒತ್ತಿ ಒತ್ತಿ ಸುಟ್ಟ ವಾಸನೆ ಬಂತು, ಕ್ಲಚ್ ಪ್ಲೇಟ್ ಹೋಯ್ತು. ಎರಡನೆಯದು ಹೇಳೋಕೆ ಈಗಲೂ ಮೈ ನಡುಗುತ್ತೆ. ಕಳೆ ತೆಗೆಯೋಕೆ ಬಂದಿದ್ದ ಹೆಣ್ಣಾಳುಗಳನ್ನ ಕೂರಿಸ್ಕೊಂಡು ಸಂಜೆ ಊರ ಕಡೆ ಬರ್ತಿದ್ದೆ. ತಿರುವಿನಲ್ಲಿ ಕುರಿ ಹಿಂಡು ಅಡ್ಡ ಬಂತು. ಮೀಟರ್ 60 ತೋರಿಸ್ತಿತ್ತು. ಆ ವೇಗಕ್ಕೆ ಎಲ್ಲಿ ನಿಲ್ಲುತ್ತೆ ಅಂತ ನನ್ನ ಕಾಲಿಗೆ ಗೊತ್ತಿತ್ತು. ಆದ್ರೆ ಗಾಡಿ ಅಲ್ಲಿ ನಿಲ್ಲಲಿಲ್ಲ, ಜಾರ್ಕೊಂಡು ಮುಂದೆ ಹೋಯ್ತು. ಎರಡು ಕುರಿ ಸತ್ತವು. ಕಾಯೋ ಹುಡುಗ ಕೈ ಅಳತೆ ದೂರದಲ್ಲಿ ನಿಂತಿದ್ದ. ಕುರಿಯ ದುಡ್ಡು ಕೊಟ್ಟೆ. ಆ ಹುಡುಗನ ಮುಖ ಮಾತ್ರ ಮರೆತಿಲ್ಲ.

ಕ್ಲಚ್ ಬಿಚ್ಚಿದಾಗ ಮೇಸ್ತ್ರಿ ಒಂದೇ ಮಾತು ಕೇಳಿದ್ದ: "ತಮ್ಮಾ, ಟೈರ್ ದೊಡ್ಡದು ಮಾಡ್ದೆ ಸರಿ. ಗೇರಿನ ಲೆಕ್ಕ ಮಾಡ್ದ್ಯಾ?" ಮಾಡಿರಲಿಲ್ಲ. ಆಮೇಲೆ ಕಲಿತ ಆ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದೀನಿ. ಫೋನಿನ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ.

1. ಟೈರಿನ ಎತ್ತರ ಎಷ್ಟು?

215/75 ಆರ್ 15 ಅಂದ್ರೆ ಅಗಲ 215 ಮಿ.ಮೀ. ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 75, ಅಂದ್ರೆ ಸುಮಾರು 161 ಮಿ.ಮೀ. ಗೋಡೆ ಮೇಲೊಂದು, ಕೆಳಗೊಂದು ಇರೋದ್ರಿಂದ ಎರಡು ಸೇರಿ 322. ರಿಮ್ 15 ಇಂಚು, ಇಂಚಿಗೆ 25.4ರಂತೆ 381 ಮಿ.ಮೀ. ಒಟ್ಟು ಸುಮಾರು 703 ಮಿ.ಮೀ.

ಇದೇ ರೀತಿ 235/75 ಆರ್ 15 ಲೆಕ್ಕ ಹಾಕಿದ್ರೆ ಸುಮಾರು 733 ಮಿ.ಮೀ. 31 ಇಂಚಿನ ಟೈರ್ ಸುಮಾರು 787 ಮಿ.ಮೀ.

2. ಗಾಡಿ ಎಷ್ಟು ಮೇಲೇಳುತ್ತೆ?

ಟೈರ್ ಎಷ್ಟು ಬೆಳೀತೋ ಅದರ ಅರ್ಧ ಮಾತ್ರ. ಯಾಕಂದ್ರೆ ಗಾಡಿ ಕೂತಿರೋದು ಚಕ್ರದ ನಡುವಿನ ಮೇಲೆ. 31 ಇಂಚಿಗೆ ಹೋದ್ರೆ 84ರ ಅರ್ಧ, 42 ಮಿ.ಮೀ. 235ಕ್ಕೆ ಹೋದ್ರೆ 15 ಮಿ.ಮೀ.

15 ಅಂದ್ರೆ ಕಮ್ಮಿ ಅನ್ನಿಸಬಹುದು. ಆದ್ರೆ ಒಂದು ವಿಷಯ ನೆನಪಿಡಿ: ಸ್ಪ್ರಿಂಗ್ ಎತ್ತರಿಸಿದ್ರೆ ಬಾಡಿ ಮಾತ್ರ ಮೇಲೇಳುತ್ತೆ. ಹಿಂದಿನ ಹೌಸಿಂಗಿನ ನಡುವೆ ಇರೋ ಉಂಡೆ ಇದ್ದಲ್ಲೇ ಇರುತ್ತೆ. ನಡು ದಿಣ್ಣೆಗೆ ಮೊದಲು ತಾಗೋದು ಅದೇ. ಅದನ್ನ ಎತ್ತೋದು ಟೈರ್ ಒಂದೇ.

3. ಗೇರಿಗೆ ಏನಾಗುತ್ತೆ?

ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತೆ, ಹಾಗಾಗಿ ಪ್ರತಿ ಗೇರೂ ಸ್ವಲ್ಪ ಮೇಲಿನ ಗೇರ್ ಹಾಕಿದಂಗೆ ಆಗುತ್ತೆ. 703ನ್ನ 787ರಿಂದ ಭಾಗಿಸಿ: 0.89. ಅಂದ್ರೆ ಮೊದಲು 100 ಇದ್ದ ಎಳೆತ ಈಗ 89. ಮೊದಲನೇ ಗೇರಿನಲ್ಲಿ ಹಳ್ಳದ ದಡ ಹತ್ತುವಾಗ ಕೈಕೊಡೋದು ಈ ಹನ್ನೊಂದೇ. ಅದನ್ನ ತುಂಬೋಕೆ ನಾವು ಕ್ಲಚ್ ಸುಡ್ತೀವಿ.

ಹಳೆಯ ಎಳೆತ ವಾಪಸ್ ಬೇಕಂದ್ರೆ ಕ್ರೌನ್-ಪಿನಿಯನ್ ಬದಲಿಸಬೇಕು. ಉದಾಹರಣೆಗೆ 4.1ರ ಅನುಪಾತ ಇದ್ದರೆ ಸುಮಾರು 4.6 ಬೇಕಾಗುತ್ತೆ. ಅದು ಟೈರಿನಂತೆ ಸುಲಭದ ಕೆಲಸ ಅಲ್ಲ. ಫೋರ್ ವೀಲ್ ಗಾಡಿಯಲ್ಲಿ ಲೋ ಗೇರ್ ಇದ್ದರೆ ಕೆಸರಲ್ಲಿ ಬಚಾವ್. ನನ್ನಂಥ ಎರಡು ಚಕ್ರದ ಎಳೆತದ ಗಾಡಿಗೆ ಆ ದಾರಿ ಇಲ್ಲ.

235ರಲ್ಲಿ ಎಳೆತ 96 ಉಳಿಯುತ್ತೆ. ಅದು ತಡಕೊಳ್ಳೋ ಮಟ್ಟ.

4. ಮೀಟರ್ ಮತ್ತು ಬ್ರೇಕ್

787ನ್ನ 703ರಿಂದ ಭಾಗಿಸಿದ್ರೆ 1.12. ಮೀಟರ್ 60 ತೋರಿಸುವಾಗ ಗಾಡಿ ಓಡ್ತಿರೋದು 67. ನಿಲ್ಲೋಕೆ ಬೇಕಾದ ದೂರ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತೆ, 1.12ನ್ನ 1.12ರಿಂದ ಗುಣಿಸಿದ್ರೆ 1.25. ಅಂದ್ರೆ ಬ್ರೇಕ್ ಹಿಡಿದ ಮೇಲೆ ಹೋಗೋ ದೂರ ಕಾಲು ಭಾಗ ಜಾಸ್ತಿ. ಇದರ ಮೇಲೆ ಟೈರಿನ ಭಾರವೂ ಜಾಸ್ತಿ, ಬ್ರೇಕ್ ಮಾತ್ರ ಅದೇ ಹಳೇದು. ಆ ಎರಡು ಕುರಿ ಸತ್ತಿದ್ದು ಈ ಲೆಕ್ಕದಲ್ಲೇ.

ಕಿಲೋಮೀಟರ್ ಲೆಕ್ಕವೂ ತಪ್ಪುತ್ತೆ. 112 ಕಿ.ಮೀ. ಓಡಿದ್ರೆ 100 ಅಂತ ತೋರಿಸುತ್ತೆ. ಮೈಲೇಜ್, ಆಯಿಲ್ ಬದಲಿಸೋ ಲೆಕ್ಕ ಹಾಕುವಾಗ ಇದನ್ನ ಸೇರಿಸಿಕೊಳ್ಳಿ.

5. ನಿಮ್ಮ ನೆಲ ಯಾವುದು?

ಎರೆ ಹೊಲ ಇದ್ದವರು ಗಮನಿಸಿ: ಹಸಿ ಎರೆ ಮಣ್ಣು ಟೈರಿನ ಗುಬುಟಿನ ನಡುವೆ ತುಂಬಿಕೊಂಡು ಟೈರನ್ನ ಬೋಳು ಮಾಡುತ್ತೆ. ಗುಬುಟು ದೂರ ದೂರ ಇರೋ ಮಡ್ ಟೈರು ಮಣ್ಣು ಉದುರಿಸುತ್ತೆ, ಆದ್ರೆ ಟಾರು ರಸ್ತೆಯಲ್ಲಿ ಸದ್ದು ಮಾಡುತ್ತೆ, ಬೇಗ ಸವೆಯುತ್ತೆ, ಒದ್ದೆ ಟಾರಿನಲ್ಲಿ ಹಿಡಿತವೂ ಕಮ್ಮಿ. ದಿನಾ ಹೆದ್ದಾರಿ 50ರಲ್ಲಿ ಕೂಡ್ಲಿಗಿ, ಹೊಸಪೇಟೆ ಅಂತ ಓಡಾಡೋರಿಗೆ ಎರಡಕ್ಕೂ ನಡುವಿನ ಆಲ್ ಟೆರೇನ್ ಟೈರೇ ವಾಸಿ.

ಕೂಡ್ಲಿಗಿ, ಹರಪನಹಳ್ಳಿ ಕಡೆಯ ಮಸಾರಿ, ಗರಸು ನೆಲದಲ್ಲಿ ಕೆಸರಿಗಿಂತ ಕಲ್ಲು ಮತ್ತು ಬಳ್ಳಾರಿ ಜಾಲಿಯ ಮುಳ್ಳಿನ ಕಾಟ. ಅಲ್ಲಿ ಎತ್ತರಕ್ಕಿಂತ ಗಟ್ಟಿ ಪಕ್ಕದ ಗೋಡೆ ನೋಡಿ.

ಹಡಗಲಿ ಕಡೆ ತುಂಗಭದ್ರೆ ದಡದ ಮರಳಲ್ಲಿ ಓಡಿಸೋರಿಗೆ ಹೊಸ ಟೈರಿಗಿಂತ ಗಾಳಿ ಇಳಿಸೋದೇ ದೊಡ್ಡ ಉಪಾಯ. 32 ಗಾಳಿ ಇದ್ದದ್ದನ್ನ 20ಕ್ಕೆ ಇಳಿಸಿದ್ರೆ ಟೈರ್ ಹರಡಿಕೊಂಡು ಮರಳ ಮೇಲೆ ತೇಲುತ್ತೆ. ನಿಧಾನಕ್ಕೆ ಓಡಿಸಿ, ಟಾರು ರಸ್ತೆ ಹತ್ತೋ ಮುಂಚೆ ಮತ್ತೆ ತುಂಬಿಸಿ. ಬ್ಯಾಟರಿಗೆ ಸಿಗಿಸೋ ಚಿಕ್ಕ ಪಂಪ್ ಗಾಡಿಯಲ್ಲೇ ಇರಲಿ. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದ್ರೆ ಟೈರ್ ಕಾದು ಒಡೆಯುತ್ತೆ.

6. ದುಡ್ಡು ಕೊಡೋ ಮುಂಚೆ

• ಹೊರೆ ಸಂಖ್ಯೆ ನೋಡಿ. 100 ಅಂದ್ರೆ ಒಂದು ಟೈರಿಗೆ 800 ಕೆ.ಜಿ., 105 ಅಂದ್ರೆ 925 ಕೆ.ಜಿ. ಕಂಪನಿ ಟೈರಿಗಿಂತ ಕಮ್ಮಿ ಇರೋದು ಬೇಡ.
• ತಯಾರಾದ ವಾರ ನೋಡಿ. 3224 ಅಂತಿದ್ದರೆ 2024ರ 32ನೇ ವಾರ. ಅಗ್ಗಕ್ಕೆ ಸಿಕ್ತು ಅಂತ ಹಳೇ ಸ್ಟಾಕ್ ತರಬೇಡಿ.
• ಒಂದು ಟೈರ್ ಹಾಕಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಆಳು ಹತ್ತಿಸಿ ನೋಡಿ. ಮಡ್‌ಗಾರ್ಡಿಗೆ, ಚಾಸಿಗೆ ಉಜ್ಜಬಾರದು.
• ರಿಮ್ ಹೊರಗೆ ಚಾಚಿದಷ್ಟೂ ಬೇರಿಂಗ್ ಮೇಲೆ ಭಾರ. ಹಳೇ ರಿಮ್ಮಿಗೆ ಕೂರೋ ಅಳತೆಯಲ್ಲೇ ಇರೋದು ಒಳ್ಳೇದು.
• ಫೋರ್ ವೀಲ್ ಗಾಡಿಗೆ ನಾಲ್ಕೂ ಒಂದೇ ಅಳತೆ ಇರಬೇಕು, ಸ್ಟೆಪ್ನಿಯೂ ಅದೇ. ಫೋರ್ ವೀಲ್ ಟ್ರ್ಯಾಕ್ಟರ್‌ನಲ್ಲೂ ಹಿಂದಿನದ್ದು ಮಾತ್ರ ದೊಡ್ಡದು ಮಾಡಿದ್ರೆ ಮುಂದಿನ ಚಕ್ರದ ಹೊಂದಿಕೆ ಕೆಟ್ಟು ಒಳಗಿನ ಗೇರ್ ಸವೆಯುತ್ತೆ.
• ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಕ್ಕೆ ಹೊಂದದಂತೆ ಗಾಡಿ ಮಾರ್ಪಡಿಸುವಂತಿಲ್ಲ. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯೋಕೂ ಇದು ದಾರಿ. ಮೊದಲೇ ವಿಚಾರಿಸಿಕೊಳ್ಳಿ.

ನಾನು ಕೊನೆಗೆ ಏನು ಮಾಡಿದೆ?

31 ಇಂಚಿನದ್ದನ್ನ ಅರ್ಧ ರೇಟಿಗೆ ಮಾರಿದೆ. ಹಳೇ ರಿಮ್ಮಿಗೇ 235ರ ಆಲ್ ಟೆರೇನ್ ಟೈರ್ ಹಾಕಿಸಿದೆ. ಮಿಕ್ಕ ದುಡ್ಡಲ್ಲಿ ಎರಡು ಟ್ರ್ಯಾಲಿ ಗರಸು ತರಿಸಿ, ಅಕ್ಕಪಕ್ಕದ ಹೊಲದವರನ್ನ ಕೂಡಿಸ್ಕೊಂಡು ದಾರಿಯ ಜಾಡು ತುಂಬಿಸಿದೆವು. ಟೈರಿಂದ ಸಿಕ್ಕಿದ್ದು 15 ಮಿ.ಮೀ., ಗರಸಿನಿಂದ ಸಿಕ್ಕಿದ್ದು ಒಂದು ಗೇಣು. ಈಗ ಬರೀ ನನ್ನ ಗಾಡಿ ಅಲ್ಲ, ಎಲ್ಲರ ಬಂಡಿ, ಬೈಕೂ ಓಡುತ್ತೆ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಟೈರಿನ ಪಕ್ಕದ ಬರಹದ ಫೋಟೊ ತೆಗೆದು, ಮೇಲಿನ ಲೆಕ್ಕ ಹಾಕಿ. ಆಮೇಲೆ ಟೇಪ್ ಹಿಡ್ಕೊಂಡು ಹೊಲದ ದಾರಿಗೆ ಹೋಗಿ ನಡು ದಿಣ್ಣೆಯ ಎತ್ತರ ಅಳೆಯಿರಿ. ಹಿಂದಿನ ಹೌಸಿಂಗ್ ಉಂಡೆಯ ಕೆಳಗಿನ ಎತ್ತರವನ್ನೂ ಅಳೆಯಿರಿ. ಎರಡರ ವ್ಯತ್ಯಾಸ ಕೈಯಲ್ಲಿ ಇಟ್ಟುಕೊಂಡೇ ಟೈರ್ ಅಂಗಡಿ ಮೆಟ್ಟಿಲು ಹತ್ತಿ.